ಯಾವೂರು ಅಂತ ಕೇಳಿ, ಅಲ್ಲಿಗೇ ನಿಲ್ಲಿಸಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹೆಸರು ಹೇಳಿಕೊಂಡು ಫೋನಿನೊಳಗೆ ಒಬ್ಬರನ್ನೊಬ್ಬರು ಪತ್ತೆ ಹಚ್ಚುವ ಎಲ್ಲರಿಗೂ,

ನೀವು ಪರಸ್ಪರ ಮುಖ ನೋಡಿದವರಲ್ಲ. ಒಬ್ಬರು ಪೀಣ್ಯದಲ್ಲಿ ಪಾಳಿ ಮುಗಿಸಿ ಕೂತಿದ್ದೀರಿ, ಒಬ್ಬರು ಮುಂಬೈಯಲ್ಲಿ ಹೋಟೆಲಿನ ಗಲ್ಲಾದ ಹಿಂದೆ, ಇನ್ನೊಬ್ಬರು ಟೆಕ್ಸಾಸಿನಲ್ಲೋ ಅಬುಧಾಬಿಯಲ್ಲೋ. ಸಿನಿಮಾನೋ ಕ್ರಿಕೆಟ್ಟೋ ಇಟ್ಟುಕೊಂಡು ವಾದ ನಡೆಯುತ್ತಿರುತ್ತದೆ. ಅದರ ನಡುವೆ ಯಾರದೋ ಬೆರಳಿನಿಂದ ಒಂದು ‘ಕಣ್ಲಾ’ ಜಾರುತ್ತದೆ. ಅಷ್ಟು ಸಾಕು. ‘ಯಾವೂರು ನಿಮ್ದು?’ ‘ಮಂಡ್ಯ.’ ‘ಮಂಡ್ಯದಲ್ಲೆಲ್ಲಿ?’ ‘ಕೆ.ಆರ್. ಪೇಟೆ.’ ‘ಟೌನಾ, ಹಳ್ಳಿಯಾ?’ ‘ಕಿಕ್ಕೇರಿ ತಾವ.’ ‘ಅಯ್ಯೋ, ನಮ್ದು ಅಕ್ಕಿಹೆಬ್ಬಾಳು ಕಣ್ರೀ!’ ವಾದ ಅಲ್ಲಿಗೆ ಬರಖಾಸ್ತು. ಆಮೇಲೆ ಸಂತೆ, ಓದಿದ ಹೈಸ್ಕೂಲು, ಹೇಮಗಿರಿಯ ದನದ ಜಾತ್ರೆ, ಸಂಜೆಯ ಕೊನೇ ಬಸ್ಸು ತಪ್ಪಿದರೆ ಏನಾಗುತ್ತಿತ್ತು ಅನ್ನುವುದು. ಹತ್ತು ನಿಮಿಷದ ಹಿಂದೆ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡವರು ನಂಬರು ಕೊಟ್ಟು ತೆಗೆದುಕೊಳ್ಳುತ್ತಾರೆ. ಇದನ್ನು ಬರೀ ಟೈಂಪಾಸು ಎಂದು ಗೇಲಿ ಮಾಡುವವರ ಕಡೆಗೆ ನಾನಿಲ್ಲ. ಅಪರಿಚಿತರ ಮೇಲೆ ಅನುಮಾನವನ್ನೇ ಕಲಿಸುವ ಕಾಲದಲ್ಲಿ, ಒಂದು ಊರಿನ ಹೆಸರಿಗೆ ಇಷ್ಟು ವಿಶ್ವಾಸ ಹುಟ್ಟುತ್ತದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ನನ್ನ ತಕರಾರು ಆ ಪ್ರಶ್ನೆಯ ಬೆನ್ನಿಗೇ ಬರುವ ಎರಡನೇ ಪ್ರಶ್ನೆಯ ಮೇಲೆ: ‘ಯಾರ ಪೈಕಿ?’ ಮೊದಲನೆಯದಕ್ಕೆ ಆ ನೆಲ ತುಳಿದ ಯಾರು ಬೇಕಾದರೂ ಉತ್ತರ ಕೊಡಬಹುದು. ಎರಡನೆಯದಕ್ಕೆ ಉತ್ತರ ಕೊಡಲು ಕುಲಗೋತ್ರ ಬಿಚ್ಚಬೇಕು. ಮೊದಲ ಪ್ರಶ್ನೆಗೆ ನಿಂತುಬಿಡಿ, ಎರಡನೆಯದನ್ನು ಬಾಯಿಗೆ ತರಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನಿಮ್ಮಂಥವರು ಎಷ್ಟು ಮಂದಿ ಎಂಬುದಕ್ಕೆ ಜನಗಣತಿಯಲ್ಲಿ ಒಂದು ಸುಳಿವಿದೆ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆಯಿತು. ಮಂಡ್ಯ ಜಿಲ್ಲೆಯದು ಶೇ. 2.4ನ್ನೂ ಮುಟ್ಟಲಿಲ್ಲ. 17.63 ಲಕ್ಷ ಇದ್ದದ್ದು 18.05 ಲಕ್ಷವಾಯಿತು, ಅಷ್ಟೇ. ಮಕ್ಕಳು ಕಡಿಮೆ ಹುಟ್ಟಿದ್ದು ಒಂದು ಕಾರಣ. ಹುಟ್ಟಿದವರು ಹೊರಟುಹೋದದ್ದು ಇನ್ನೊಂದು. ಕಾವೇರಿ ನಾಲೆಯ ಜಿಲ್ಲೆ, ಕಬ್ಬು ಭತ್ತದ ಜಿಲ್ಲೆ ಎಂದು ಹೊರಗಿನವರು ಅಂದುಕೊಳ್ಳುವ ಈ ಸೀಮೆಯಿಂದ ಜನ ಬೆಂಗಳೂರಿಗೆ, ಮೈಸೂರಿಗೆ, ಮುಂಬೈಗೆ ಹರಿದು ಹೋಗುತ್ತಲೇ ಇದ್ದಾರೆ. ಅದರಲ್ಲೂ ನಾಗಮಂಗಲದ ಖುಷ್ಕಿ ಹೊಲಗಳಿಂದ, ಕೆ.ಆರ್. ಪೇಟೆಯ ಒಣ ಹೋಬಳಿಗಳಿಂದ. ಊರು ಬಿಟ್ಟವರು ಇಷ್ಟಿರುವಾಗ, ಊರಿನ ಬಗ್ಗೆ ಊರಿನ ಹೊರಗೇ ಹೆಚ್ಚು ಮಾತು ನಡೆಯುವುದು ಸಹಜ.

ಫೋನು ಬರುವ ಮೊದಲೂ ಈ ಸೀಮೆಯವರು ಊರನ್ನು ಹೆಸರಿನ ಮುಂದೆ ಹೊತ್ತುಕೊಂಡೇ ತಿರುಗಿದರು. ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಕಿಕ್ಕೇರಿ. ಎ.ಎನ್. ಮೂರ್ತಿರಾಯರ ‘ಎ’ ಅಕ್ಕಿಹೆಬ್ಬಾಳು. ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರ ‘ಎಚ್’ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿ. ಒಂದೇ ಅಕ್ಷರ, ಆದರೆ ಬಲ್ಲವರಿಗೆ ಅಷ್ಟರಲ್ಲೇ ಗುರುತು ಹತ್ತುತ್ತಿತ್ತು. ಅಂಚೆ ಕಾರ್ಡಿನ ಕಾಲದ ಪ್ರೊಫೈಲು ಎನ್ನಿ. ಆದರೆ ಆ ಅಕ್ಷರ ಹೇಳುತ್ತಿದ್ದುದು ಹುಟ್ಟಿದ ಊರೋ ಬದುಕಿದ ಊರೋ ಆಗಿರಬೇಕೆಂದಿಲ್ಲ. ಬಿ.ಎಂ. ಶ್ರೀಯವರ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರು ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. ಹುಡುಗನಾಗಿ ಓದಿದ್ದು ಶ್ರೀರಂಗಪಟ್ಟಣದಲ್ಲಿ. ಮೂರು ಊರುಗಳಲ್ಲಿ ಹೆಸರಿಗೆ ಅಂಟಿದ್ದು ತಂದೆಯ ಮನೆತನದ ಊರು ಮಾತ್ರ. ತಾಯಿಯ ಊರು, ಆಡಿ ಬೆಳೆದ ಊರು ಎರಡೂ ಜೀವನಚರಿತ್ರೆಯ ಪುಟಗಳಿಗೆ ಸೇರಿಕೊಂಡವು. ಅಂದರೆ ನಮ್ಮ ಹಳೆಯ ಪದ್ಧತಿಯಲ್ಲೇ ಮೊದಲ ಪ್ರಶ್ನೆಯ ಹೊಟ್ಟೆಯೊಳಗೆ ಎರಡನೆಯದು ಅಡಗಿ ಕೂತಿತ್ತು. ಊರು ಯಾವುದು ಎಂದರೆ ಅಪ್ಪನ ಊರು ಯಾವುದು, ಯಾರ ವಂಶ ಎಂದೇ ಅರ್ಥ. ಹಾಗಾಗಿ ಈಗಿನವರು ‘ಯಾರ ಪೈಕಿ’ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಹೊಸತೇನೂ ಇಲ್ಲ. ಹೊಸತು ಯಾವುದೆಂದರೆ, ಅದನ್ನು ಕೇಳದೆಯೂ ಮಾತು ಮುಂದುವರಿಸುವ ಅವಕಾಶ ಈಗ ಸಿಕ್ಕಿರುವುದು.

ಊರಲ್ಲಿ ಆ ಅವಕಾಶವಿಲ್ಲ. ಅಲ್ಲಿ ನೀವು ಯಾವ ಬೀದಿಯಿಂದ ನಡೆದು ಬಂದಿರಿ ಎಂಬುದನ್ನು ಕಂಡೇ ನಿಮ್ಮ ಪೂರ್ವಾಪರ ಗೊತ್ತಾಗುತ್ತದೆ. ಕೇಳುವ ಮೊದಲೇ ಉತ್ತರ ಸಿಕ್ಕಿರುತ್ತದೆ. ಫೋನಿನಲ್ಲಿ ಮಾತ್ರ, ಒಂದೆರಡು ಸಾಲುಗಳ ಮಟ್ಟಿಗೆ, ಎದುರಿಗಿರುವವರು ಬರೀ ಕಿಕ್ಕೇರಿಯವರು, ಬರೀ ಬೆಳ್ಳೂರಿನವರು. ಆ ಒಂದೆರಡು ಸಾಲು ಎಷ್ಟು ಅಪರೂಪದ್ದು ಎಂಬುದು ಹಾಗೆ ಗುರುತಿಸಿಕೊಳ್ಳಲು ಹಿಂದೆಂದೂ ಆಗದವರಿಗೆ ಗೊತ್ತು. ಆಮೇಲೆ ಬರುತ್ತದೆ: ‘ಯಾವ ಬೀದಿ?’ ‘ಊರೊಳಗಾ, ಕಾಲೋನಿ ಕಡೆಯಾ?’ ‘ಗೌಡ್ರಾ ನೀವು?’ ಕೇಳಿದವರಿಗೆ ಅದು ಕೆಟ್ಟ ಪ್ರಶ್ನೆ ಎಂದೇ ಅನಿಸಿರುವುದಿಲ್ಲ, ಪ್ರೀತಿಯಿಂದಲೇ ಕೇಳಿರುತ್ತಾರೆ. ಆದರೆ ಅತ್ತ ಕಡೆ ಬರೆಯುತ್ತಿದ್ದ ಬೆರಳು ನಿಲ್ಲುತ್ತದೆ. ಒಬ್ಬರು ‘ಸರಿ ಅಣ್ಣ, ಸಿಗೋಣ’ ಎಂದು ಜಾಗ ಖಾಲಿ ಮಾಡುತ್ತಾರೆ. ಉಳಿದವರು ಇನ್ನಷ್ಟು ಹತ್ತಿರವಾಗುತ್ತಾರೆ. ತಾಲ್ಲೂಕಿನ ಹೆಸರಲ್ಲಿ ಶುರುವಾದ ಗುಂಪು ಆರು ತಿಂಗಳಲ್ಲಿ ಒಂದು ಜಾತಿಯ ಗುಂಪನ್ನು ಹೆತ್ತು, ಅಸಲಿ ಮಾತೆಲ್ಲ ಅಲ್ಲಿಗೆ ವರ್ಗವಾಗುತ್ತದೆ. ತಾಲ್ಲೂಕಿನ ಗುಂಪಿನಲ್ಲಿ ಉಳಿಯುವುದು ಹಬ್ಬದ ಶುಭಾಶಯ ಮಾತ್ರ.

‘ನೀವು ಸುಮ್ಮನೆ ದೊಡ್ಡದು ಮಾಡ್ತಿದ್ದೀರಿ, ಪೈಕಿ ಕೇಳುವುದು ಜಾತಿಗಲ್ಲ, ನಂಟಿಗೆ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಮುಂಬೈಗೆ ಹೋದ ಕೆ.ಆರ್. ಪೇಟೆಯ ಹುಡುಗನಿಗೆ ಮೊದಲ ರಾತ್ರಿ ಮಲಗಲು ಜಾಗ ಸಿಕ್ಕಿದ್ದು, ಹೋಟೆಲಿನಲ್ಲಿ ಕೆಲಸ ಸಿಕ್ಕಿದ್ದು, ಬಾಡಿಗೆ ಆಟೊ ಸಿಕ್ಕಿದ್ದು ‘ಅವ್ರು ನಮ್ ಪೈಕಿ’ ಎಂಬ ಒಂದೇ ಮಾತಿನ ಬಲದಿಂದ. ಬ್ಯಾಂಕು ಸಾಲ ಕೊಡದ, ಪೊಲೀಸು ನಂಬದ ಕಾಲದಲ್ಲಿ ಆ ನಂಟು ಜಾಮೀನಿನಂತೆ ಕೆಲಸ ಮಾಡಿದೆ. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅದೇ ಮುಂಬೈನವರ ಕಥೆಯನ್ನು ಪೂರ್ತಿ ಓದಿದರೆ ನಂಟಿನ ಬಲ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಕಾಣುತ್ತದೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಅವರು ಕಾರು, ಆಟೊ, ಲಾರಿ, ಸಿಕ್ಕಿದ್ದನ್ನು ಹತ್ತಿ ಊರಿಗೆ ಬಂದರು. ಆ ತಿಂಗಳು ಮಂಡ್ಯ ಜಿಲ್ಲೆಯಲ್ಲಿ ಪತ್ತೆಯಾದ ಕೋವಿಡ್ ಪ್ರಕರಣಗಳಲ್ಲಿ ಬಹುಪಾಲು ಮುಂಬೈಯಿಂದ ಬಂದವರದು, ಅವರಲ್ಲಿ ದೊಡ್ಡ ಪಾಲು ಕೆ.ಆರ್. ಪೇಟೆ ತಾಲ್ಲೂಕಿನವರದು. ಹಾಸ್ಟೆಲು, ಶಾಲೆಗಳಲ್ಲಿ ಅವರನ್ನು ಕ್ವಾರಂಟೈನಿನಲ್ಲಿ ಇಡಲಾಯಿತು. ಊರೂರಲ್ಲಿ ಅವರಿಗೆ ಒಂದು ಹೊಸ ಹೆಸರು ಬಿತ್ತು: ‘ಬಾಂಬೆಯೋರು’. ವರ್ಷಗಟ್ಟಲೆ ಮುಂಬೈಯಲ್ಲಿ ‘ಮಂಡ್ಯದೋರು’ ಎನಿಸಿಕೊಂಡವರು ಮಂಡ್ಯದ ಗಡಿ ದಾಟುತ್ತಿದ್ದಂತೆ ಮುಂಬೈನವರಾದರು. ರೋಗದ ಹೆದರಿಕೆ ನಿಜವಾದದ್ದೇ. ಹಳ್ಳಿಯವರನ್ನು ಈಗ ಕೂತು ದೂರುವುದು ಸುಲಭ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ಮಾತು ಇಷ್ಟೇ: ಆಗ ಅವರ ಸಹಾಯಕ್ಕೆ ಬರಬೇಕಾಗಿದ್ದುದು ಪೈಕಿಯಲ್ಲ. ಪೈಕಿಯವರೂ ಬಾಗಿಲು ಹಾಕಿಕೊಂಡ ದಿನಗಳವು. ಊರಿನವರು ಎಂಬ ತೆಳುವಾದ, ಅಗಲವಾದ ನಂಟು ಬೇಕಿತ್ತು. ರಕ್ತಸಂಬಂಧ ಕೇಳದೆ, ಈ ಶಾಲೆಯಲ್ಲಿ ಓದಿದ ಹುಡುಗ ಇವನು ಎಂಬಷ್ಟರ ಮೇಲೆ ಊಟದ ಡಬ್ಬಿ ಕಳಿಸುವಂಥದ್ದು.

ಇನ್ನು, ಯಾರು ಊರಿನವರು ಎಂಬುದನ್ನು ಹುಟ್ಟು ಮತ್ತು ವಂಶದಿಂದ ಅಳೆಯಲು ಹೊರಟರೆ ಈ ನಾಲ್ಕು ತಾಲ್ಲೂಕುಗಳಷ್ಟು ಕೈಕೊಡುವ ಜಾಗ ಇನ್ನೊಂದಿಲ್ಲ. ಶ್ರೀರಂಗಪಟ್ಟಣದಿಂದಲೇ ನೋಡಿ. 1610ರಲ್ಲಿ ರಾಜ ಒಡೆಯರು ಅದನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದುಕೊಂಡ ಮೇಲೆ ಸುಮಾರು ಎರಡು ಶತಮಾನ ಅದು ರಾಜಧಾನಿ. ರಾಜಧಾನಿ ಎಂದ ಮೇಲೆ ಎಲ್ಲೆಲ್ಲಿಯ ಸಿಪಾಯಿ, ಅಕ್ಕಸಾಲಿ, ನೇಕಾರ, ಗುಮಾಸ್ತ ಬಂದು ಸೇರಲೇಬೇಕು. ಟಿಪ್ಪು ದ್ವೀಪದ ಪೂರ್ವಕ್ಕೆ ಶಹರ್ ಗಂಜಾಂ ಕಟ್ಟಿಸಿದಾಗ ಅಲ್ಲಿ ಕಸುಬುದಾರರು ಬೇಕೆಂದು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ತಂದು ನೆಲೆಗೊಳಿಸಿದ. ಅವರು ಬರುವುದಾಗಿ ಕೇಳಿಕೊಂಡಿರಲಿಲ್ಲ. ಇವತ್ತು ‘ನಮ್ದು ಗಂಜಾಂ, ನಿಮಿಷಾಂಬ ದೇವಸ್ಥಾನದ ಹತ್ರ’ ಎಂದು ಹೆಮ್ಮೆಯಿಂದ ಬರೆಯುವವರಲ್ಲಿ ಹಾಗೆ ಎಬ್ಬಿಸಿ ತಂದವರ ಮರಿಮಕ್ಕಳೂ ಇರಬಹುದು. 1799ರ ಮೇ 4ರಂದು ಕೋಟೆ ಬಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟಕ್ಕೆ ಬ್ರಿಟಿಷರ ದಂಡೂ 1809ರಲ್ಲಿ ಬೆಂಗಳೂರಿಗೆ ಎತ್ತಂಗಡಿಯಾಯಿತು. 1800ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸಮೀಕ್ಷಕ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜು ಮಾಡಿದ. ಅವನು ನೋಡುವ ಹೊತ್ತಿಗೆ 32 ಸಾವಿರದ ಆಸುಪಾಸು ಉಳಿದಿತ್ತು. ಉಳಿದವರೆಲ್ಲ ಎಲ್ಲಿ ಹೋದರು? ಮೈಸೂರಿನ, ಬೆಂಗಳೂರಿನ ಹಳೇ ಬೀದಿಗಳಲ್ಲಿ ಸೇರಿಹೋದವರ ಲೆಕ್ಕ ಯಾರೂ ಇಟ್ಟಿಲ್ಲ. ನೀವು ಯಾವೂರೆಂದು ಕೇಳಿದರೆ ‘ಮೈಸೂರು’ ಎನ್ನುವ ಅದೆಷ್ಟೋ ಮಂದಿಯ ಹಿಂದಿನ ಊರು ಶ್ರೀರಂಗಪಟ್ಟಣವೇ ಆಗಿರಲು ಸಾಧ್ಯ.

ಪಾಂಡವಪುರಕ್ಕೆ ಆ ಹೆಸರು ಬರುವ ಮೊದಲು ಅದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಬ್ರಿಟಿಷರ ಕಾಗದಪತ್ರದಲ್ಲಿ ಫ್ರೆಂಚ್ ರಾಕ್ಸ್. ಕೆ.ಆರ್. ಪೇಟೆ ಅತ್ತಿಗುಪ್ಪೆಯಾಗಿತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಮೇಲುಕೋಟೆ ಮಾಡಿದವರು ಚೋಳ ಸೀಮೆಯಿಂದ ತಪ್ಪಿಸಿಕೊಂಡು ಬಂದ ರಾಮಾನುಜರು. 12 ವರ್ಷ ಇಲ್ಲಿದ್ದರೆಂದು ಪರಂಪರೆ ನೆನೆಯುತ್ತದೆ. ಅವರ ಹಿಂದೆ ಬಂದವರ ಮನೆಗಳಲ್ಲಿ ಇಂದಿಗೂ ತಮಿಳಿನ ನುಡಿಗಟ್ಟು ಕೇಳುತ್ತದೆ, ಪು.ತಿ. ನರಸಿಂಹಾಚಾರ್ಯರಂಥ ಕನ್ನಡ ಕವಿ ಹುಟ್ಟಿದ್ದು ಅಂಥ ಊರಲ್ಲಿ. ಹನ್ನೆರಡೇ ವರ್ಷ ಇದ್ದು ಹೋದವರನ್ನು ಮೇಲುಕೋಟೆಯಿಂದ ಹೊರಗಿಟ್ಟು ಯೋಚಿಸಲು ಯಾರಿಗಾದರೂ ಆದೀತೇ? (ಕಾವೇರಿ ಗಲಾಟೆಯ ವರ್ಷಗಳಲ್ಲಿ ಮಂಡ್ಯ ಮನಸಾರೆ ಬೈದ ಜಯಲಲಿತಾ ಹುಟ್ಟಿದ್ದೂ ಅದೇ ಮೇಲುಕೋಟೆಯಲ್ಲಿ, 1948ರಲ್ಲಿ. ಅವರನ್ನು ‘ನಮ್ಮೂರ ಹೆಣ್ಮಗಳು’ ಎಂದು ಎಣಿಸಬೇಕೋ ಬೇಡವೋ ಎಂಬ ವಾದ ನಿಮ್ಮಲ್ಲಿ ಎಷ್ಟು ಸಲ ನಡೆದಿದೆಯೋ.) ಕೆ.ಆರ್. ಪೇಟೆ ಸೀಮೆಯ ಬೂಕನಕೆರೆಯ ಯಡಿಯೂರಪ್ಪ ಶಿಕಾರಿಪುರದವರಾದರು. ಊರು ಬಿಟ್ಟವನನ್ನು ಇನ್ನೊಂದು ಊರು ತನ್ನವನೆಂದು ಒಪ್ಪಿ ವಿಧಾನಸಭೆಗೇ ಕಳಿಸಿತು. ಅಲ್ಲಿಯ ಜನ ಅವರನ್ನು ವಲಸಿಗ ಎಂದು ಕೂತು ಎಣಿಸಲಿಲ್ಲ. ನಾವೂ ಬೇರೆಯವರ ವಿಚಾರದಲ್ಲಿ ಅಷ್ಟು ಮಾಡಬಹುದು.

ಕನ್ನಂಬಾಡಿ ಕಟ್ಟೆಯ ವಿಷಯ ಬಂದರೆ ನಿಮಗೆಲ್ಲ ಎದೆ ಉಬ್ಬುತ್ತದೆ, ಉಬ್ಬಲಿ. ಮಳೆಗಾಲ ಹಿಡಿಯಿತೆಂದರೆ ಪ್ರತಿ ಬೆಳಗ್ಗೆ ನಿಮ್ಮ ನಿಮ್ಮಲ್ಲಿ ಹರಿದಾಡುವ ಆ ನಾಲ್ಕು ಸಾಲು ಎಷ್ಟು ಚಂದ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಅಬುಧಾಬಿಯ ಮರಳಲ್ಲಿ ಕೂತವನು ಅದನ್ನು ನೋಡಿ ‘ಇನ್ನೆರಡು ಅಡಿ’ ಎಂದು ಬರೆಯುತ್ತಾನೆ. ಒಂದು ಎಕರೆ ಗದ್ದೆಯೂ ಉಳಿಯದವನು ಕೂಡ. ಇಂಥ ಒಕ್ಕಲುತನದ ನೆನಪು ಅಂಕಿಯೊಂದರಲ್ಲಿ ಉಳಿದಿರುವುದು ಬೇರೆ ಜಿಲ್ಲೆಯವರಿಗೆ ಅರ್ಥವಾಗುವುದೇ ಕಷ್ಟ. ಆದರೆ ಆ ಕಟ್ಟೆಯ ಚರಿತ್ರೆಯನ್ನು ಒಂದು ಸಲ ತಿರುವಿ ಹಾಕಿ. 1911ರಲ್ಲಿ ಕೆಲಸ ಶುರುವಾಯಿತು, ಮುಗಿಯಲು ಎರಡು ದಶಕ ಹಿಡಿಯಿತು. ಕನ್ನಂಬಾಡಿ ಎಂಬ ಊರೇ ನೀರಿನಡಿ ಹೋಯಿತು, ಜೊತೆಗೆ ಇನ್ನೂ ಹಲವು ಹಳ್ಳಿ. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ತಲೆ ತೋರಿಸುತ್ತಿತ್ತು. ಈ ಶತಮಾನದಲ್ಲಿ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಮುಳುಗಿದ ಹಳ್ಳಿಯವರ ಮೊಮ್ಮಕ್ಕಳಿಗೆ ‘ಯಾವೂರು’ ಎಂದರೆ ಅವರು ಯಾವುದನ್ನು ಹೇಳಬೇಕು? ಒಬ್ಬರ ಗದ್ದೆಗೆ ನೀರು ಬರಲು ಇನ್ನೊಬ್ಬರು ಊರು ಕಳೆದುಕೊಂಡರು. ಇಬ್ಬರೂ ಇದೇ ಸೀಮೆಯವರೇ. ಮನೆಮನೆಯ ಗೋಡೆಯ ಮೇಲೆ ನೀವು ಪಟ ಹಾಕಿಕೊಂಡಿರುವ ವಿಶ್ವೇಶ್ವರಯ್ಯನವರಾದರೂ ಯಾರು? ಹುಟ್ಟಿದ್ದು ಮುದ್ದೇನಹಳ್ಳಿ, ಹೆಸರಿನ ಮುಂದಿನ ಮೋಕ್ಷಗುಂಡಂ ಪೂರ್ವಜರು ಬಿಟ್ಟು ಬಂದ ಆಂಧ್ರದ ಹಳ್ಳಿ. ಅವರು ಯಾರ ಪೈಕಿ ಎಂದು ಕೇಳಿ ನೀರು ಬಿಟ್ಟುಕೊಂಡ ರೈತ ಈ ಜಿಲ್ಲೆಯಲ್ಲಿ ಇದ್ದಂತಿಲ್ಲ.

ಕಟ್ಟೆಯ ಮಟ್ಟ ಹಂಚಿಕೊಳ್ಳುವಾಗ ನಿಮ್ಮ ನಡುವೆಯೇ ಇರುವ ಇನ್ನೊಂದು ಅಂತರವೂ ಮರೆಯುತ್ತದೆ. ಪಾಂಡವಪುರದವನಿಗೆ ಆ ಅಂಕಿ ಬೆಳೆಯ ಅಂಕಿ. ಕನ್ನಂಬಾಡಿಯ ನಾಲೆ ಹರಿಯದ ನಾಗಮಂಗಲದವನಿಗೆ ಅದು ಪಕ್ಕದ ಮನೆಯ ಐಶ್ವರ್ಯದ ಸುದ್ದಿ. ನೀರಿಲ್ಲದ ಊರಿಗೆ ಹೆಣ್ಣು ಕೊಡುವುದಿಲ್ಲ ಎಂದು ನೀರಾವರಿ ಸೀಮೆಯವರು ಹಿಂದೆ ಸಲೀಸಾಗಿ ಹೇಳುತ್ತಿದ್ದರು. ಈಗ ನೀರಿರುವ ಊರಿಗೂ ಕೊಡುವವರಿಲ್ಲ, ಅದು ಬೇರೆ ಮಾತು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧು-ವರರ ಸಮಾವೇಶ ನಡೆದಾಗ ಸುಮಾರು 250 ಹೆಣ್ಣುಮಕ್ಕಳ ಎದುರು ಹನ್ನೊಂದು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದಿದ್ದರು. ಇದರ ಹಿಂದೆ ಬೇಸಾಯದ ದುಡಿಮೆಗೆ ಬೆಲೆ ಇಲ್ಲದ್ದು ಇದೆ, ಓದಿದ ಹೆಣ್ಣುಮಕ್ಕಳು ಪಟ್ಟಣ ಬಯಸಿದ್ದಿದೆ, ಹೆಣ್ಣು ಹುಟ್ಟುವುದನ್ನೇ ತಡೆದ ಪಾಪವೂ ಇದೆ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದದ್ದನ್ನು ನೀವೂ ಓದಿದ್ದೀರಿ. ‘ಯಾರ ಪೈಕಿ’ ಎಂಬ ಪ್ರಶ್ನೆಯನ್ನೇ ಇಡೀ ಬದುಕಿನ ಜಾಲರಿ ಮಾಡಿಕೊಂಡ ಸಮಾಜ ಹೆಣ್ಣಿಗಾಗಿ ಎಲ್ಲಿಗೆ ಬಂದು ನಿಂತಿದೆ ಎಂಬುದಕ್ಕೆ ಆ ಸಮಾವೇಶಕ್ಕಿಂತ ದೊಡ್ಡ ಪುರಾವೆ ಬೇಡ.

ಹೆಣ್ಣಿನ ಮಾತು ಬಂದದ್ದರಿಂದ ಕೇಳುತ್ತೇನೆ: ನಿಮ್ಮ ಗುಂಪುಗಳಲ್ಲಿ ಹೆಂಗಸರು ಎಷ್ಟಿದ್ದಾರೆ? ಈ ದೇಶದಲ್ಲಿ ಊರು ಬದಲಿಸಿದ ಹೆಂಗಸರಲ್ಲಿ ಬಹುಪಾಲು ಮದುವೆಯ ಕಾರಣಕ್ಕೆ ಬದಲಿಸಿದವರು ಎಂದು 2011ರ ಜನಗಣತಿಯೂ ತೋರಿಸಿತು. ನಾಗಮಂಗಲದಲ್ಲಿ ಹುಟ್ಟಿ, ಶ್ರೀರಂಗಪಟ್ಟಣಕ್ಕೆ ಸೊಸೆಯಾಗಿ ಬಂದು, ಈಗ ಮಗನ ಮನೆಯೆಂದು ಬೆಂಗಳೂರಿನಲ್ಲಿರುವ ಹೆಂಗಸಿಗೆ ಮೂರು ಊರು ಗೊತ್ತು. ಮೂರು ಊರಿನ ನೀರಿನ ರುಚಿ, ಮೂರು ಊರಿನ ಹಬ್ಬದ ಅಡುಗೆ, ಮೂರು ಊರಿನ ಜಗಳ ಗೊತ್ತು. ಊರುಗಳನ್ನು ಹೋಲಿಸಿ ಹೇಳುವ ಯೋಗ್ಯತೆ ಯಾರಿಗಾದರೂ ಇದ್ದರೆ ಆಕೆಗೇ. ಆದರೆ ಪೈಕಿಯ ಲೆಕ್ಕದಲ್ಲಿ ಆಕೆ ಮೊದಲು ಅಪ್ಪನ ಕಡೆಯವಳು, ಆಮೇಲೆ ಗಂಡನ ಕಡೆಯವಳು. ಸ್ವಂತದ ಊರು ಎಂಬುದೇ ಇಲ್ಲ. ಊರಿನ ಪ್ರಶ್ನೆಯನ್ನು ‘ಎಲ್ಲೆಲ್ಲಿ ಇದ್ರಿ?’ ಎಂದು ಕೇಳಿದರೆ ಅದೇ ಹೆಂಗಸು ಗುಂಪಿನಲ್ಲಿ ಅತಿ ಹೆಚ್ಚು ಮಾತಾಡಬಲ್ಲಳು.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಊರು ಎಂಬುದೇ ಜಾತಿಯ ಮೇಲೆ ಕಟ್ಟಿದ್ದು. ಊರು ಬೇರೆ, ಕೇರಿ ಬೇರೆ. ಹಾಗಿರುವಾಗ ಎರಡನೇ ಪ್ರಶ್ನೆ ಬಿಟ್ಟು ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳುವುದು ಮೇಲಿನವರ ಅನುಕೂಲದ ಮರೆವು ಎಂಬುದು ಆ ಆಕ್ಷೇಪ. ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟಿದ್ದರು; ಹಳ್ಳಿ ಎಂದರೆ ಸಂಕುಚಿತತನ, ಅಜ್ಞಾನ, ಕೋಮುಭಾವನೆಯ ಬೀಡು ಎಂಬುದು ಅವರ ಮಾತಿನ ಸಾರ. ಬಾವಿಯ ಹತ್ತಿರ, ಹೋಟೆಲಿನ ಲೋಟದ ಹತ್ತಿರ, ದೇವಸ್ಥಾನದ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದ ಊರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ನಿಮ್ಮಲ್ಲಿ ಒಬ್ಬರು ‘ನಮ್ಮೂರು ಸ್ವರ್ಗ’ ಎಂದು ಬರೆದಾಗ ಇನ್ನೊಬ್ಬರು ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಗೂ ಒಂದು ಊರಿದೆ ಎಂದು ತಿಳಿಯಿರಿ. ಹಾಗೆಂದು ಎರಡನೇ ಪ್ರಶ್ನೆಯನ್ನು ಕೈಬಿಡಬಾರದು ಎಂದಾಗುವುದಿಲ್ಲ. ಜಾತಿಯನ್ನು ಕೇಳಲೇಬೇಕಾದ ಜಾಗ ಇದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು ಕೇಳಿದರು. ಯಾರಿಗೆ ಏನು ಸಿಕ್ಕಿಲ್ಲ ಎಂದು ತಿಳಿಯಲು ಅದು ಬೇಕು. ಅಲ್ಲಿ ಕೇಳುವುದು ಪಾಲು ಕೊಡುವುದಕ್ಕೆ. ಫೋನಿನಲ್ಲಿ ಅಪರಿಚಿತರು ಕೇಳುವುದು ವಿಶ್ವಾಸವನ್ನು ಎಷ್ಟು ಅಳೆದು ಕೊಡಬೇಕು ಎಂದು ತೀರ್ಮಾನಿಸುವುದಕ್ಕೆ. ಸಮೀಕ್ಷೆಯ ಪ್ರಶ್ನೆಯನ್ನು ವಿರೋಧಿಸಿ ಫೋನಿನ ಪ್ರಶ್ನೆಯನ್ನು ರೂಢಿ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೇರಿಯವರು ಊರಿನ ನೋವನ್ನು ತಾವಾಗಿ ಹೇಳಿದರೆ ಕೇಳಿಸಿಕೊಳ್ಳುವುದು ಒಂದು. ಅವರು ಕೇರಿಯವರೇ ಎಂದು ಖಾತ್ರಿ ಮಾಡಿಕೊಳ್ಳಲು ಬೀದಿ ಯಾವುದೆಂದು ಕೆದಕುವುದು ಬೇರೆ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಾಟೆಯಾಗಿ ಅಂಗಡಿಗಳಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಊರಿಂದ ದೂರದಲ್ಲಿ, ಫೋನು ಹಿಡಿದು ಕೂತವರಿಗೆ ಆ ರಾತ್ರಿ ಊರಿನ ಸುದ್ದಿ ಬಂದದ್ದು ವೀಡಿಯೊ ತುಣುಕುಗಳಾಗಿ. ಅಂಥ ಹೊತ್ತಲ್ಲಿ ಊರಿನ ನಂಟು ಎರಡು ಥರ ಕೆಲಸ ಮಾಡಬಲ್ಲುದು. ‘ನಮ್ಮೋರ ಅಂಗಡಿ ಸುಟ್ಟರು’ ಎಂದು ಹೇಳುವುದು ಒಂದು ಥರ. ಅಲ್ಲಿ ‘ನಮ್ಮೋರು’ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ‘ಮಂಡ್ಯ ಸರ್ಕಲ್ಲಿನ ಆ ಅಂಗಡಿ ಸುಟ್ಟುಹೋಯ್ತಾ? ನನ್ನ ಮೊದಲನೇ ಸೈಕಲ್ಲು ಅಲ್ಲೇ ರಿಪೇರಿಯಾಗಿದ್ದು’ ಎಂದು ಕೇಳುವುದು ಇನ್ನೊಂದು ಥರ. ಮಾಲೀಕನ ಹೆಸರು ಕೇಳುವ ಮೊದಲೇ ಅಂಗಡಿ ಕಳೆದುಕೊಂಡವನ ನಷ್ಟ ಅದರಲ್ಲಿ ಕಾಣುತ್ತದೆ. ಊರು ಬಿಟ್ಟವರ ಮಾತಿಗೆ ಊರಲ್ಲಿ ತೂಕ ಹೆಚ್ಚು. ದುಡ್ಡು ಕಳಿಸುವವರು ಅವರು, ಹಬ್ಬಕ್ಕೆ ಕಾರಿನಲ್ಲಿ ಬರುವವರು ಅವರು, ಎಕ್ಸ್‌ಪ್ರೆಸ್‌ವೇ ಪಕ್ಕದ ಜಮೀನಿಗೆ ಬೆಲೆ ಕಟ್ಟುವವರೂ ಅವರೇ. ಬೆಂಗಳೂರಿನಿಂದ ಹೊರಟ ಒಂದು ಸಾಲು ನಾಗಮಂಗಲದ ಟೀ ಅಂಗಡಿಯಲ್ಲಿ ಸಂಜೆಯೊಳಗೆ ಹತ್ತು ಬಾಯಿ ದಾಟಿರುತ್ತದೆ. ದೂರ ಇದ್ದವರು ಆಡುವ ಮಾತಿಗೆ ಹೊಣೆ ಇಲ್ಲ ಎಂದುಕೊಳ್ಳುವುದು ತಪ್ಪು.

‘ಇದ್ದುಹೋದವರನ್ನೆಲ್ಲ ಸೇರಿಸಿಕೊಂಡರೆ ಊರಿನವರು ಎನ್ನುವುದಕ್ಕೆ ಬೆಲೆ ಏನು ಉಳಿಯಿತು’ ಎಂದು ನಿಮ್ಮಲ್ಲಿ ಕೆಲವರು ಗೊಣಗಬಹುದು. ಯಾರು ಇವರೆಲ್ಲ, ನೋಡೋಣ. ಬೀದರಿನಿಂದಲೋ ರಾಯಚೂರಿನಿಂದಲೋ ವರ್ಗವಾಗಿ ಬಂದು ಕೆ.ಆರ್. ಪೇಟೆಯ ಹಳ್ಳಿಯಲ್ಲಿ ಎಂಟು ಹತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದ ಮೇಷ್ಟ್ರು. ಬಿ.ಜಿ. ನಗರದ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇದೇ ತಾಲ್ಲೂಕಿನ ರೋಗಿಗಳ ಮೇಲೆ ಕೆಲಸ ಕಲಿತು ಹೋದ ಕೇರಳದ, ಬಿಹಾರದ ಹುಡುಗ ಹುಡುಗಿಯರು. ಸುಗ್ಗಿಯಲ್ಲಿ ಪಾಂಡವಪುರ ಸೀಮೆಯ ಕಬ್ಬಿನ ಗದ್ದೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಕಬ್ಬು ಕಡಿದು, ಗದ್ದೆ ಬರಿದಾದ ಮೇಲೆ ಮುಂದಿನ ಊರಿಗೆ ಹೋದವರು. ಶ್ರೀರಂಗಪಟ್ಟಣದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬಾಲ್ಯ ಕಳೆದವರು. ಇವರ ಹೆಸರು ಯಾವ ಪೈಕಿಯ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಇವರಲ್ಲಿ ಹಲವರಿಗೆ ಇವತ್ತಿನ ಊರು ನಿಮಗಿಂತ ಚೆನ್ನಾಗಿ ಗೊತ್ತು. ನೀವು ಇಪ್ಪತ್ತು ವರ್ಷದ ಹಿಂದೆ ಬಿಟ್ಟ ಊರನ್ನು ನೆನೆಯುತ್ತಿದ್ದೀರಿ, ಅವರು ಮೊನ್ನೆ ಬಿಟ್ಟದ್ದನ್ನು. ಯಾವ ಕೆರೆ ಲೇಔಟ್ ಆಯಿತು, ಯಾವ ಶಾಲೆಗೆ ಮಕ್ಕಳಿಲ್ಲದೆ ಬೀಗ ಬಿತ್ತು, ಬೈಪಾಸು ಬಂದ ಮೇಲೆ ಯಾವ ಹೋಟೆಲು ಮುಚ್ಚಿತು ಎಂದು ಅವರನ್ನು ಕೇಳಿ ತಿಳಿಯಬೇಕು.

ಹಾಗಾಗಿ, ನಾಳೆ ನಿಮ್ಮ ಮಾತಿನ ನಡುವೆ ಯಾರಾದರೂ ‘ನಾನು ಬಳ್ಳಾರಿಯವಳು, ಆದ್ರೆ ನಾಲ್ಕು ವರ್ಷ ಬೆಳ್ಳೂರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ’ ಎಂದು ಬರೆದರೆ, ‘ಓ, ನೀವು ನಮ್ಮ ಕಡೆಯೋರಲ್ಲ ಬಿಡಿ’ ಎಂದು ತಿರುಗಿಕೊಳ್ಳಬೇಡಿ. ಬೆಳ್ಳೂರು ಕ್ರಾಸಿನಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸು ಸಿಗುತ್ತದಾ, ಆಸ್ಪತ್ರೆಗೆ ಬರುವ ಹಳ್ಳಿಯವರಲ್ಲಿ ಈಗ ಎಂಥ ಕಾಯಿಲೆಗಳಿವೆ, ಬಾಣಂತಿಯರ ಜೊತೆ ಯಾರು ಬಂದು ಕೂರುತ್ತಾರೆ ಎಂದು ಕೇಳಿ. ಆಕೆಯ ಅಡ್ಡಹೆಸರು ಏನೆಂದು ಮಾತ್ರ ಕೇಳಬೇಡಿ.